ದೊಡ್ಡಮ್ಮನ ಮಗನ ದೊಣ್ಣೆ

ದೊಡ್ಡ ಮನೆತನದ ಒಳ್ಳೆಯ ಹುಡುಗನೊಬ್ಬ ಆರಿಸಿಬಂದರೆ ಸಾಕು, ಬಡವರ ಕಷ್ಟ ತೀರಿತೆಂದು ನಂಬುವವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅಂಥವರು ರೋಮಿನ ಟೈಬೀರಿಯಸ್ ಗ್ರಾಕಸನ ಕಥೆಯನ್ನು ಕೇಳಬೇಕು.

ಅವನದು ಸಾಮಾನ್ಯ ಮನೆತನವೇ? ತಂದೆ ಎರಡು ಸಲ ಕಾನ್ಸಲ್, ಅಂದರೆ ರಾಜ್ಯದ ಅತ್ಯುನ್ನತ ಅಧಿಕಾರಿ. ತಾಯಿ ಕಾರ್ನೀಲಿಯ, ಹ್ಯಾನಿಬಾಲನನ್ನು ಸೋಲಿಸಿದ ಸಿಪಿಯೋನ ಮಗಳು. ಇಂಥವನು ಕ್ರಿ.ಪೂ. 133ರಲ್ಲಿ ಟ್ರಿಬ್ಯೂನನಾದ. ಜನಸಾಮಾನ್ಯರ ರಕ್ಷಣೆಗೆಂದೇ ಇದ್ದ ಹುದ್ದೆ ಅದು.

ಅವನು ಕೇಳಿದ್ದೇನು? ಯುದ್ಧದಲ್ಲಿ ಗೆದ್ದ ಸರ್ಕಾರಿ ಭೂಮಿಯನ್ನು ಶ್ರೀಮಂತರು ಆಕ್ರಮಿಸಿ, ಗುಲಾಮರಿಂದ ಸಾಗುವಳಿ ಮಾಡಿಸುತ್ತಿದ್ದರು. ಆ ಭೂಮಿಗಾಗಿ ರಕ್ತ ಸುರಿಸಿದ ರೈತನಿಗೆ ಗೇಣು ನೆಲವಿರಲಿಲ್ಲ. ಒಬ್ಬನ ಕೈಯಲ್ಲಿ 500 ಯೂಗೆರ, ಎಂದರೆ ಸುಮಾರು 310 ಎಕರೆ ಮೀರಿ ಇರಕೂಡದೆಂದು ಹಳೆಯ ಕಾನೂನೇ ಇತ್ತು. ಅದನ್ನು ಜಾರಿಗೆ ತನ್ನಿ, ಮಿಕ್ಕದ್ದನ್ನು ಬಡವರಿಗೆ ಹಂಚಿರಿ ಎಂದ. ಇಷ್ಟೇ!

ಜೊತೆಯ ಟ್ರಿಬ್ಯೂನ್ ಆಕ್ಟೇವಿಯಸ್ ಅಡ್ಡಗಾಲು ಹಾಕಿದ. ಜನಸಭೆ ಮತ ಹಾಕಿ ಅವನನ್ನು ಕಿತ್ತುಹಾಕಿತು, ಕಾನೂನು ಪಾಸಾಯಿತು. "ಸಂಪ್ರದಾಯ ಕೆಟ್ಟಿತು, ಇವನು ರಾಜನಾಗಲು ಹೊರಟ" ಎಂದು ಸೆನೆಟಿನ ಧಣಿಗಳು ಬೊಬ್ಬೆಯಿಟ್ಟರು. ಗ್ರಾಕಸ್ ಮರುವರ್ಷಕ್ಕೂ ಉಮೇದುವಾರನಾದದ್ದು ವಾಡಿಕೆಗೆ ವಿರುದ್ಧ, ನಿಜ. ಆದರೆ ಸಂಪ್ರದಾಯದ ಈ ಕಾವಲುಗಾರರು ಮಾಡಿದ್ದೇನು? ಮುರಿದ ಬೆಂಚುಗಳ ಕಾಲನ್ನೇ ದೊಣ್ಣೆ ಮಾಡಿಕೊಂಡು, ಹಾಡುಹಗಲಲ್ಲಿ ಅವನನ್ನೂ ಸುಮಾರು 300 ಮಂದಿಯನ್ನೂ ಬಡಿದು ಕೊಂದರು. ಹೆಣಗಳನ್ನು ಟೈಬರ್ ನದಿಗೆಸೆದರು.

ಮುಂದಾಳು ಯಾರು? ಪ್ರಧಾನ ಪುರೋಹಿತ ಸಿಪಿಯೋ ನಾಸಿಕ, ಗ್ರಾಕಸನ ದೊಡ್ಡಮ್ಮನ ಮಗ! ನಮ್ಮಲ್ಲಾದರೆ ಅಣ್ಣನೆಂದೇ ಕರೆಯುತ್ತೇವೆ. ಈ ಅಣ್ಣನ ಕೈಯಲ್ಲಿ ಸರ್ಕಾರಿ ಭೂಮಿ ಬಹಳವಿತ್ತೆಂದು ಪ್ಲುಟಾರ್ಕ್ ಬರೆದಿದ್ದಾನೆ. ಜಮೀನಿಗೆ ಕೈಯಿಟ್ಟೊಡನೆ ರಕ್ತಸಂಬಂಧ ಹರಿಯಿತು.

ಅವನಿಗೆ ಜೈಕಾರ ಹಾಕಿದ ಹಳ್ಳಿಗರು ಆ ಹೊತ್ತಿನಲ್ಲಿ ಎಲ್ಲಿದ್ದರು? ಸುಗ್ಗಿಯ ಕಾಲ, ಹೊಲದಲ್ಲಿದ್ದರು. ಅಭಿಮಾನವಿತ್ತು, ಸಂಘಟನೆಯಿರಲಿಲ್ಲ. ಹತ್ತು ವರ್ಷದ ಮೇಲೆ ತಮ್ಮ ಗಾಯಸ್ ಟ್ರಿಬ್ಯೂನನಾಗಿ ಜನರಿಗೆ ಅಗ್ಗದ ದರದಲ್ಲಿ ಧಾನ್ಯ ಕೊಡಿಸಿದ. ಕ್ರಿ.ಪೂ. 121ರಲ್ಲಿ ಅವನೂ ಹತನಾದ. ಜೊತೆಗೆ ಸತ್ತವರು 3,000 ಎಂದು ಪ್ಲುಟಾರ್ಕನ ಲೆಕ್ಕ.

ಗ್ರಾಕಸ್ ಸೋದರರಿಗೆ ನಮ್ಮ ನಮಸ್ಕಾರ. ಆದರೆ ಗಿರಣಿಯ ಬಂಧುಗಳೇ, ಅಂಗಡಿಯ ಬಂಧುಗಳೇ, ಒಳ್ಳೆಯ ಮನೆತನದ ದಾರಿ ಕಾಯುತ್ತ ಕೂರಬೇಡಿ. ಕಾನೂನು ತರಲು ಒಬ್ಬ ಧೀರ ಸಾಕಾದಾನು. ದೊಣ್ಣೆ ಹಿಡಿದು ಬಂದವರೆದುರು ಅದನ್ನು ಉಳಿಸಿಕೊಳ್ಳಲು ಸಂಘವೇ ಬೇಕು. ಸುಗ್ಗಿಯಿರಲಿ, ಸಂತೆಯಿರಲಿ, ಸಂಘದ ಸಭೆಗೆ ತಪ್ಪಬೇಡಿ.