ತಪ್ಪು ಲೆಕ್ಕವೂ ಸಭೆಗೆ ಬರಲಿ

ಗಣಿತ ಶಿಕ್ಷಕರ ಸಭೆಯೆಂದರೆ ಸುತ್ತೋಲೆಯ ಓದು, ಉಪನ್ಯಾಸ, ಉಪಾಹಾರ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಜಪಾನಿನಲ್ಲಿ ರೂಢಿ ಬೇರೆ. ಅಲ್ಲಿ ಶಿಕ್ಷಕರು ಕೂಡಿ ಒಂದೇ ಪಾಠವನ್ನು ವಾರಗಟ್ಟಲೆ ಸಿದ್ಧಪಡಿಸುತ್ತಾರೆ. ಒಬ್ಬರು ಬೋಧಿಸುವಾಗ ಉಳಿದವರು ತರಗತಿಯಲ್ಲಿಯೇ ನಿಂತು ಮಕ್ಕಳು ಬರೆಯುವುದನ್ನು ಗಮನಿಸುತ್ತಾರೆ; ಬಳಿಕ ಕುಳಿತು ವಿಮರ್ಶಿಸುತ್ತಾರೆ. ‘ಜುಗ್ಯೋ ಕೆನ್‌ಕ್ಯೂ’ ಎಂಬ ಈ ಪದ್ಧತಿಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. 1999ರಲ್ಲಿ ಸ್ಟಿಗ್ಲರ್ ಮತ್ತು ಹೀಬರ್ಟ್ ಅವರ ಗ್ರಂಥವು ಅಮೆರಿಕದವರ ಗಮನವನ್ನೂ ಇದರತ್ತ ಸೆಳೆಯಿತು.

ಇದರಿಂದ ಲಾಭವೇನು? 1/2ಕ್ಕೆ 1/3 ಕೂಡಿಸೆಂದರೆ 2/5 ಎಂದು ಬರೆಯುವ ಮಕ್ಕಳುಂಟು. ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿಸಿರುತ್ತಾರೆ. ಪೂರ್ಣಾಂಕಗಳಲ್ಲಿ ಕಲಿತ ಕ್ರಮವನ್ನೇ ನಿಷ್ಠೆಯಿಂದ ಪಾಲಿಸಿರುತ್ತಾರೆ. ಕೆಂಪು ಗೀಟೆಳೆದು ದಡ್ಡನೆಂದು ಜರೆದರೆ ಮಗು ಗಣಿತಕ್ಕೇ ಬೆನ್ನು ತಿರುಗಿಸುತ್ತದೆ. (ಮನೆಯಲ್ಲಿ ನಾವೂ ಜರೆಯುವುದಿಲ್ಲವೆ?) ಅರ್ಧ ರೊಟ್ಟಿ ತಿಂದು ಇನ್ನೂ ಒಂದು ಚೂರು ತಿಂದರೆ ಒಟ್ಟು ಅರ್ಧಕ್ಕಿಂತ ಕಡಿಮೆಯಾದೀತೆ ಎಂದು ಕೇಳಿ ನೋಡಿ, ಅದು ತಾನೇ ನಕ್ಕು ಯೋಚನೆಗೆ ತೊಡಗೀತು.

ನಮ್ಮ ರಾಜ್ಯದಲ್ಲಿಯೂ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಿವೆ. ಸುತ್ತೋಲೆಯನ್ನು ಮನೆಯಲ್ಲಿಯೂ ಓದಿಕೊಳ್ಳಬಹುದು. ಅಲ್ಲಿಗೆ ಹೋಗುವ ಶಿಕ್ಷಕಬಂಧುಗಳು ಇಂಥ ತಪ್ಪು ಲೆಕ್ಕವಿರುವ ನೋಟುಪುಸ್ತಕವೊಂದನ್ನು ಕೈಚೀಲದಲ್ಲಿ ಒಯ್ದು, ಒಂದು ಗಂಟೆಯಾದರೂ ಅದನ್ನೇ ಚರ್ಚೆಗಿಡಬೇಕೆಂಬುದು ನಮ್ಮ ಬಿನ್ನಹ.