ಈ ಆಟ ಪುಸ್ತಕದ ಸಾಲಿಗೆ ಸೇರಬೇಕು

ಮೊಬೈಲ್‌ನಲ್ಲಿ ಗೇಮ್ ಆಡುವ ಹುಡುಗರನ್ನು ಬೈದು ನಾವೂ ಎರಡು ಮೂರು ಸುದ್ದಿ ಬರೆದಿದ್ದೇವೆ. ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಕುತ್ತಿಗೆ ಬಗ್ಗಿಸಿ ಕೂತವರ ಫೋಟೊ, ಕೆಳಗೆ ಮೇಷ್ಟ್ರೊಬ್ಬರ ಆತಂಕದ ಮಾತು. ಜಿಲ್ಲಾ ಪುಟಕ್ಕೆ ಅಷ್ಟು ಸಾಕಿತ್ತು. ಅಂಥ ನಾವೇ ಈಗ ಒಂದು ವಿಡಿಯೊ ಗೇಮ್ ಸಾಹಿತ್ಯ ಎನ್ನಲು ಹೊರಟಿದ್ದೇವೆ. ನಗುವವರು ನಗಬಹುದು, ಆದರೆ ಪೂರ್ತಿ ಓದಿ.

ಆಟದ ಹೆಸರು 'ದಿಸ್ ವಾರ್ ಆಫ್ ಮೈನ್'. ಪೋಲೆಂಡ್‌ನ ವಾರ್ಸಾ ನಗರದ 11 ಬಿಟ್ ಸ್ಟುಡಿಯೋಸ್ 2014ರಲ್ಲಿ ಮಾಡಿದ್ದು. ಮೊದಲು ಕಂಪ್ಯೂಟರಿಗೆ ಬಂತು, ಮರುವರ್ಷ ಮೊಬೈಲಿಗೂ ಬಂತು. ಹೆಸರಿನಲ್ಲಿ ಯುದ್ಧ ಇದ್ದರೂ ಇಲ್ಲಿ ನಾವು ಸೈನಿಕರಲ್ಲ. ಸೈನ್ಯ ಮುತ್ತಿಗೆ ಹಾಕಿದ ಪೊಗೊರೆನ್ ಎಂಬ ಊರಿನ ಒಂದು ಮುರುಕು ಮನೆಯಲ್ಲಿ ಸಿಕ್ಕಿಕೊಂಡ ಮೂರು ಜನ. ಪಾವ್ಲೆ ಫುಟ್‌ಬಾಲ್ ಆಟಗಾರ, ಚೆನ್ನಾಗಿ ಓಡುತ್ತಾನೆ. ಬ್ರೂನೊ ಅಡುಗೆಯವನು. ಕಾತಿಯಾ ವರದಿಗಾರ್ತಿ, ಚೌಕಾಸಿಯಲ್ಲಿ ಗಟ್ಟಿಗಿತ್ತಿ. (ವರದಿಗಾರರಿಗೆ ಅದೊಂದು ಕೆಲಸ ಬರುತ್ತದೆ ಎಂದು ಪೋಲೆಂಡಿನವರಿಗೂ ಗೊತ್ತಿದೆ.)

ಊರು ಕಲ್ಪನೆಯದು, ನೋವು ಕಲ್ಪನೆಯದಲ್ಲ. 1992ರಿಂದ 1996ರವರೆಗೆ ಬೋಸ್ನಿಯಾದ ಸರಾಯೆವೊ ನಗರ ಹೀಗೇ ಮುತ್ತಿಗೆಯಲ್ಲಿತ್ತು. ನೀರಿಗೆ ಹೋದವರನ್ನೂ ಎತ್ತರದಲ್ಲಿ ಅಡಗಿ ಕೂತವರು ಗುಂಡಿಟ್ಟು ಕೊಂದರು. ಆಟ ಹುಟ್ಟಿದ್ದು ಆ ನೆನಪಿನಿಂದ.

ಹಗಲು ಹೊರಗೆ ಕಾಲಿಡುವಂತಿಲ್ಲ. ಒಲೆ ಹೂಡಬೇಕು, ಮಳೆ ನೀರು ಸೋಸಬೇಕು, ಗಾಯಕ್ಕೆ ಪಟ್ಟಿ ಕಟ್ಟಬೇಕು. ರಾತ್ರಿ ಒಬ್ಬರನ್ನು ಹೊರಗೆ ಕಳಿಸಬೇಕು, ಸಿಕ್ಕಿದ್ದನ್ನು ಚೀಲದಲ್ಲಿ ತುಂಬಿ ತರಲಿಕ್ಕೆ. ಚಳಿಗಾಲ ಬಂದಾಗ ಸೌದೆ ಸಾಲುವುದಿಲ್ಲ. ಮನೆಯಲ್ಲಿ ಪುಸ್ತಕಗಳಿರುತ್ತವೆ. ಓದಿದರೆ ಮನಸ್ಸು ಹಗುರಾಗುತ್ತದೆ, ಒಲೆಗೆ ಹಾಕಿದರೆ ಮೈ ಬೆಚ್ಚಗಾಗುತ್ತದೆ. ಯಾವುದು ಎಂದು ಆಟ ಹೇಳುವುದಿಲ್ಲ. ನಾವು ಸುಟ್ಟೆವು.

ಒಂದು ಮನೆಯಲ್ಲಿ ಮುದುಕ, ಮುದುಕಿ ಇಬ್ಬರೇ ಇದ್ದಾರೆ. ಬ್ರೂನೊಗೆ ಕಾಯಿಲೆ ಜೋರಾಗಿತ್ತು, ಆ ಮನೆಯಲ್ಲಿ ಔಷಧಿ ಇತ್ತು. ಪಾವ್ಲೆಯನ್ನು ಕಳಿಸಿದೆವು. ಮುದುಕ ಹೊಡೆಯಲಿಲ್ಲ, ಕೂಗಾಡಲಿಲ್ಲ. ಹಿಂದೆ ಹಿಂದೆ ಬಂದು ಬೇಡಿಕೊಂಡ. ನಾವು ಚೀಲ ತುಂಬಿದೆವು. ಬೆಳಿಗ್ಗೆ ಬ್ರೂನೊಗೆ ಔಷಧಿ ಸಿಕ್ಕಿತು, ಪಾವ್ಲೆ ಮಾತ್ರ ಮಂಕಾದ. ಅವನ ವಿವರದ ಪುಟ ತೆರೆದರೆ ಮಾಡಿದ್ದು ಅವನದೇ ಮಾತಿನಲ್ಲಿ ಬರೆದಿತ್ತು.

ಫೋನ್ ಕೆಳಗಿಟ್ಟಾಗ ನೆನಪಾದದ್ದು ನಮ್ಮದೇ ಒಂದು ಸುದ್ದಿ. ಒಂದು ನೆರೆ ವರ್ಷ ಪರಿಹಾರ ಕೇಂದ್ರದಲ್ಲಿ ಒಬ್ಬಾತ ಎರಡು ಸಲ ಸಾಲಿನಲ್ಲಿ ನಿಂತು ಎರಡು ರೇಷನ್ ಕಿಟ್ ತೆಗೆದುಕೊಂಡ. ನಾವು ಅದನ್ನು ಐದು ಸಾಲು ಬರೆದು ಕಳಿಸಿದೆವು, ಅಚ್ಚೂ ಆಯಿತು. ಎರಡನೆಯ ಕಿಟ್ ಯಾರಿಗೆ ಎಂದು ಅವನನ್ನು ಕೇಳಲಿಲ್ಲ. ಕೇಳಲು ಸಮಯ ಇತ್ತು, ಚಹಾ ಕುಡಿಯಲು ಇತ್ತಲ್ಲ. ಆಮೇಲೆ ಆ ಊರಿಗೆ ಹೋದಾಗ ಅವನು ನಮ್ಮನ್ನು ನೋಡಿ ಬೇರೆ ದಾರಿ ಹಿಡಿದ. ಇಷ್ಟು ವರ್ಷ ಅದನ್ನು ಮರೆತೇಬಿಟ್ಟಿದ್ದೆವು. ನೆನಪಿಸಿದ್ದು ಯಾವ ವರದಿಯೂ ಅಲ್ಲ, ಭಾಷಣವೂ ಅಲ್ಲ, ಒಂದು ಗೇಮ್. ಸಾಹಿತ್ಯ ಇದಕ್ಕಿಂತ ಬೇರೆ ಏನು ಮಾಡುತ್ತದೆ ನಮಗೆ ಗೊತ್ತಿಲ್ಲ.

ಆಡುವವನೇ ಕಥೆ ಬದಲಿಸಿದರೆ ಅದು ಕೃತಿ ಹೇಗಾಗುತ್ತದೆ ಎಂದು ಗೆಳೆಯರೊಬ್ಬರು ಕೇಳಿದರು. ತಾಳಮದ್ದಳೆ ಕೇಳಿದವರು ಈ ಪ್ರಶ್ನೆ ಕೇಳಬಾರದು. ಪ್ರಸಂಗ ಅದೇ, ಪದ್ಯ ಅದೇ. ಅರ್ಥಧಾರಿಯ ಮಾತು ಮಾತ್ರ ಆ ರಾತ್ರಿಯದು. ಇವತ್ತಿನ ಕರ್ಣ ನಿನ್ನೆಯ ಕರ್ಣ ಅಲ್ಲ. ಆದರೂ ಅದು ಕೃತಿಯಲ್ಲ ಎಂದು ಯಾರೂ ಎದ್ದು ಹೋಗುವುದಿಲ್ಲ.

ಪೋಲೆಂಡಿನಲ್ಲಿ ಈ ವಾದ ಸರ್ಕಾರದ ಮಟ್ಟಕ್ಕೇ ಹೋಯಿತು. 2020ರ ಜೂನ್‌ನಲ್ಲಿ ಅಲ್ಲಿನ ಪ್ರಧಾನಿ ಮಾತೆಉಷ್ ಮೊರಾವಿಯೆಟ್ಸ್ಕಿ ಈ ಆಟವನ್ನು ಪ್ರೌಢ ವಿದ್ಯಾರ್ಥಿಗಳ ಓದಿನ ಪಟ್ಟಿಗೆ ಸೇರಿಸುವುದಾಗಿ ಹೇಳಿದರು. ಕಡ್ಡಾಯ ಅಲ್ಲ, ಶಿಫಾರಸು. ವಿದ್ಯಾರ್ಥಿಗಳಿಗೆ ಉಚಿತ. ಆಟ 18 ದಾಟಿದವರಿಗೆ ಮಾತ್ರ, ಅದನ್ನು ನೀವೂ ನೆನಪಿಡಿ. ಅದರಲ್ಲಿ ಹಸಿವು, ಕೊಲೆ, ಆತ್ಮಹತ್ಯೆ ಎಲ್ಲ ಇದೆ. ಮನೆಯ ಸಣ್ಣ ಮಕ್ಕಳ ಕೈಗೆ ಕೊಡಬೇಡಿ.

ಹಾಗಂತ ಎಲ್ಲ ಗೇಮ್ ಸಾಹಿತ್ಯ ಅಲ್ಲ, ಅಚ್ಚಾದದ್ದೆಲ್ಲ ಸಾಹಿತ್ಯ ಅಲ್ಲದ ಹಾಗೆ. ಕಟ್ಟೆ ಮೇಲಿನ ಹುಡುಗರು ಆಡುವ ಬಿಜಿಎಂಐನಲ್ಲಿ ಸತ್ತವನಿಗೆ ಹೆಸರಿದ್ದರೂ ಮನೆ ಇಲ್ಲ. ನಾವು ಹೊಗಳುವ ಆಟದಲ್ಲೂ ಕೊರತೆ ಇದೆ. ಮೂರನೆಯ ಸಲ ಆಡುವಾಗ ಲೆಕ್ಕ ಬಂದುಬಿಡುತ್ತದೆ. ಯಾವ ಮನೆಯಲ್ಲಿ ಎಷ್ಟು ಡಬ್ಬಿ, ಯಾರ ಚೀಲ ದೊಡ್ಡದು. ಮುದುಕನ ಮಾತು ಆಗ ಕಿವಿಗೇ ಬೀಳುವುದಿಲ್ಲ. ಒಳ್ಳೆಯ ಕಾದಂಬರಿ ಮೂರನೆಯ ಓದಿಗೆ ಹೀಗೆ ತೆಳ್ಳಗಾಗುವುದಿಲ್ಲ.

ಇನ್ನೊಂದು ತಕರಾರು ಆಟದ ಮೇಲಲ್ಲ, ನಮ್ಮವರ ಮೇಲೆ. ಆಟದ ಮಾತು ಕನ್ನಡದಲ್ಲಿಲ್ಲ. ಪಾವ್ಲೆಯ ಪುಟ ಓದಲು ನಾವು ಎರಡೆರಡು ಸಲ ಡಿಕ್ಷನರಿ ನೋಡಿದ್ದೇವೆ. ಇಡೀ ಕಾದಂಬರಿ ಅನುವಾದಿಸುವ ಜನ ನಮ್ಮಲ್ಲಿದ್ದಾರೆ, ಇಂಥ ಆಟದ ಕೆಲವು ಪುಟ ಅವರಿಗೆ ದೊಡ್ಡ ಕೆಲಸವಲ್ಲ. ಸಾಹಿತ್ಯ ಸಮ್ಮೇಳನದ ಗೋಷ್ಠಿಗಳಲ್ಲಿ ಮೊಬೈಲ್ ಬಂದರೆ ಓದು ಕೆಡಿಸಿದ ಆರೋಪಿಯಾಗಿ ಮಾತ್ರ ಬರುತ್ತದೆ. ಕಟ್ಟೆ ಮೇಲಿನ ಹುಡುಗ ದಿನಕ್ಕೆ ಮೂರು ತಾಸು ಆ ಪರದೆ ನೋಡುತ್ತಾನೆ. ಅದರೊಳಗೆ ಒಂದು ಒಳ್ಳೆಯ ಕಥೆ ಇಡುವುದು ಯಾರ ಕೆಲಸ ಎಂದು ಅಲ್ಲಿ ಯಾರೂ ಕೇಳಿದ್ದನ್ನು ನಾವು ಕೇಳಿಲ್ಲ.

ಆಟದಲ್ಲಿ ಯುದ್ಧ ಯಾವ ದಿನ ನಿಲ್ಲುತ್ತದೆ ಎಂದು ಮೊದಲೇ ತಿಳಿಸುವುದಿಲ್ಲ. ನಮ್ಮ ಮೊದಲ ಸಲ ಕದನವಿರಾಮ ಬರುವಷ್ಟರಲ್ಲಿ ಕಾತಿಯಾ ಒಬ್ಬಳೇ ಉಳಿದಿದ್ದಳು.