ಶಿಷ್ಯೆಗೆ ರೆಕ್ಕೆ ಬಂದುದು

ಮಕ್ಕಳ ಕಾರ್ಟೂನನ್ನು ಕುರಿತು ಈ ಪುಟದಲ್ಲಿ ಬರೆಯತಕ್ಕುದುಂಟೇ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಮನೆಯಲ್ಲಿ ಮೊಮ್ಮಕ್ಕಳಿರುವವರು ಹಾಗೆ ಮಾಡಲಾರರು. ‘ಮೈ ಲಿಟ್ಲ್ ಪೋನಿ: ಫ್ರೆಂಡ್‌ಶಿಪ್ ಈಸ್ ಮ್ಯಾಜಿಕ್’ ಎಂಬ ಕಥಾಮಾಲೆಯು 2010ರಿಂದ 2019ರವರೆಗೆ ಒಂಬತ್ತು ಸೀಸನ್ನುಗಳಲ್ಲಿ ನಡೆಯಿತು. ಸೀಸನ್ನನ್ನು ನಾವು ಪರ್ವವೆಂದೇ ಕರೆಯುವೆವು. ಹ್ಯಾಸ್ಬ್ರೋ ಎಂಬ ಅಮೆರಿಕದ ಆಟಿಕೆಯ ಕಂಪನಿಯು ಗೊಂಬೆಗಳ ವ್ಯಾಪಾರಕ್ಕಾಗಿ ಮಾಡಿಸಿದುದಾದರೂ, ಲಾರೆನ್ ಫಾಸ್ಟ್ ಎಂಬಾಕೆ ಆ ಪುಟ್ಟ ಕುದುರೆಗಳಿಗೆ ಒಂದೊಂದಕ್ಕೂ ಒಂದೊಂದು ಸ್ವಭಾವವನ್ನಿತ್ತರು; ಡೇನಿಯಲ್ ಇಂಗ್ರಾಂ ಅವಕ್ಕೆ ಹಾಡುಗಳನ್ನು ಕಟ್ಟಿದರು.

ನಾಯಿಕೆ ಟ್ವೈಲೈಟ್ ಸ್ಪಾರ್ಕಲ್ ಒಂಟಿಕೊಂಬಿನ ಕುದುರೆ, ಪುಸ್ತಕದ ಹುಳು. ಗುರುವಾದ ರಾಣಿ ಸೆಲೆಸ್ಟಿಯಾ ಅವಳನ್ನು ಸ್ನೇಹವೆಂಬ ವಿದ್ಯೆಯನ್ನು ಕಲಿಯಲೆಂದು ಪೋನಿವಿಲ್ ಎಂಬ ಊರಿಗೆ ಕಳುಹಿಸುವಳು. ಕಲಿತುದನ್ನು ಶಿಷ್ಯೆಯು ಗುರುವಿಗೆ ಕಾಗದ ಬರೆದು ತಿಳಿಸುವಳು. ಉಪಾಧ್ಯಾಯ ವೃತ್ತಿಯಲ್ಲಿ ಕೂದಲು ನರೆತ ನಮಗೆ ಇದಕ್ಕಿಂತ ಹಿತವಾದ ಏರ್ಪಾಡು ಬೇರೊಂದಿಲ್ಲ.

ನಮ್ಮ ತಕರಾರು ಮೂರನೆಯ ಪರ್ವದ್ದು. ಮೊದಲೆರಡರಲ್ಲಿ 26ರಂತೆ ಕಥೆಗಳಿದ್ದರೆ, 2012ರ ನವೆಂಬರಿನಲ್ಲಿ ಮೊದಲಾದ ಇದರಲ್ಲಿ 13 ಮಾತ್ರ. ಆರಂಭವೇನೋ ಸೊಗಸಾಗಿಯೇ ಇದೆ. ಪರೀಕ್ಷೆಯೆಂದೊಡನೆ ನಡುಗಿ ಟ್ವೈಲೈಟ್ ಹಾಡುವ ಹಾಡನ್ನು ಕೇಳಿ ನಮಗೆ ಎಷ್ಟೋ ಮಾರ್ಚ್ ತಿಂಗಳುಗಳು ನೆನಪಾದುವು. ಕೊನೆಗೆ ಅವಳು ತನ್ನ ತೇರ್ಗಡೆಯನ್ನು ಬಿಟ್ಟುಕೊಟ್ಟು ಊರನ್ನು ಉಳಿಸುವಳು, ಅದೇ ತೇರ್ಗಡೆಯಾಗುವುದು.

ಆದರೆ 2013ರ ಫೆಬ್ರವರಿಯಲ್ಲಿ ಬಂದ ಕಡೆಯ ಕಥೆ! ಅಪೂರ್ಣವಾದ ಒಂದು ಮಂತ್ರವನ್ನು ಟ್ವೈಲೈಟ್ ಓದಿದೊಡನೆ ಗೆಳತಿಯರೈವರ ಕಸುಬುಗಳು ಅದಲುಬದಲಾಗುವುವು. ಬಟ್ಟೆ ಹೊಲಿಯುವವಳು ಮೋಡಗಳನ್ನು ನಡೆಸುವಳು. ಸೇಬಿನ ತೋಟದವಳು ಸೂಜಿ ಹಿಡಿಯುವಳು. ಪರಧರ್ಮದ ಸಂಕಟವನ್ನು ಮಕ್ಕಳಿಗೆ ಇದಕ್ಕಿಂತ ಸುಲಭವಾಗಿ ಹೇಳಿಕೊಟ್ಟುದನ್ನು ನಾವು ಕಂಡಿಲ್ಲ. ಒಬ್ಬ ಗೆಳತಿಯು ಇನ್ನೊಬ್ಬಳಿಗೆ ಅವಳ ನಿಜವಾದ ಕೆಲಸವನ್ನು ನೆನಪಿಸುತ್ತ ಹೋಗುವ ಹಾಡಂತೂ ನಮ್ಮ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಕೇಳಿಬರುವುದು, ನಾವು ಬೇಡವೆಂದಿಲ್ಲ.

ಇಷ್ಟೆಲ್ಲ, ಏಳು ಹಾಡುಗಳೊಡನೆ, ಸುಮಾರು 22 ನಿಮಿಷಗಳಲ್ಲಿ! ನಮ್ಮ ಲಾಕ್ಷಣಿಕರು ನಾಟಕಕ್ಕೆ ಐದು ಸಂಧಿಗಳನ್ನು ಹೇಳಿ, ಕಡೆಯದಕ್ಕೆ ಮುನ್ನ ವಿಮರ್ಶಸಂಧಿಯನ್ನು ಇರಿಸಿದರು. ಫಲವು ಕೈಗೂಡುವುದೋ ಇಲ್ಲವೋ ಎಂದು ಪ್ರೇಕ್ಷಕನು ತಳಮಳಿಸುವುದು ಅಲ್ಲಿಯೇ. ಇಲ್ಲಿ ಆ ತಳಮಳಕ್ಕೆ ಒಂದು ಹಾಡಿನಷ್ಟು ಮಾತ್ರ ಹೊತ್ತು. ಅಷ್ಟರಲ್ಲಿ ಮಂತ್ರವು ಪೂರ್ಣವಾಗಿ, ಟ್ವೈಲೈಟಳಿಗೆ ರೆಕ್ಕೆ ಮೂಡಿ, ಕಿರೀಟಧಾರಣೆಯೂ ಮುಗಿಯುವುದು. ಮೊದಲ ಕಥೆಗೆ ಎರಡು ಭಾಗಗಳ ಅವಕಾಶವಿತ್ತವರು ಇದಕ್ಕೆ ಏಕೆ ಕೊಡಲಿಲ್ಲವೋ ಕಾಣೆವು.

ರೆಕ್ಕೆಯೇ ಬೇಡವಾಗಿತ್ತೆಂದು ಬಹುಮಂದಿ ಅಭಿಮಾನಿಗಳು ಆಗ ಕೂಗಾಡಿದರು. ಅದು ಹೊಸ ಗೊಂಬೆಯನ್ನು ಮಾರುವ ಹೂಟವೆಂದರು. ಎರಡನೆಯ ಪರ್ವದ ಬಳಿಕ ಫಾಸ್ಟ್ ಅವರು ಮಾಲೆಯಲ್ಲಿ ಇರಲಿಲ್ಲವಾದುದರಿಂದ ಆ ಶಂಕೆಗೆ ಬಲವೂ ಬಂದಿತು. ನಮ್ಮ ಅಸಮಾಧಾನ ಬೇರೆ. ಪದವಿ ಬರಲಿ, ಗುರುವಿಗೆ ಬರೆಯುವ ಕಾಗದ ನಿಲ್ಲಬೇಕೇ? ನಾಲ್ಕನೆಯ ಪರ್ವದಲ್ಲಿ ಕಾಗದದ ಬದಲು ಗೆಳತಿಯರೆಲ್ಲ ಕೂಡಿ ಬರೆಯುವ ಒಂದು ದಿನಚರಿ ಬಂದಿತು. ಒಳ್ಳೆಯದೇ. ಆದರೂ ದಿನಚರಿಯನ್ನು ಒಡೆದು ಓದುವ ಗುರುವೆಲ್ಲಿ?

2019ರ ಅಂತಿಮ ಕಥೆಯಲ್ಲಿ, ರಾಜ್ಯವಾಳುತ್ತಿರುವ ಟ್ವೈಲೈಟಳ ಬಳಿಗೆ ಸ್ನೇಹದಲ್ಲಿ ನಂಬಿಕೆಯಿಲ್ಲದ ಶಿಷ್ಯೆಯೊಬ್ಬಳು ಬರುವಳು. ಅವಳನ್ನೂ ಪೋನಿವಿಲ್ಲಿಗೇ ಕಳುಹಿಸುವರು. ಅಲ್ಲಿಯವರೆಗೆ ತಾಳಿಕೊಂಡು ನೋಡುವ ವಾಚಕರು ಮೂರನೆಯ ಪರ್ವದ ಅವಸರವನ್ನು ಅರ್ಧದಷ್ಟಾದರೂ ಕ್ಷಮಿಸುವರು. ನಾವು ಅಷ್ಟನ್ನು ಕ್ಷಮಿಸಿದ್ದೇವೆ.